ರಾಜ ಮೋತಿಯಾದ: ಸಾಕುನಾಯಿಯ ಹೆಸರು ಬದಲಾಯಿಸುವ ಬಗೆ



"ನಿಮ್ಮ ನಾಯಿಗೆ ಎರಡು ಹೆಸರಂತಲ್ಲ, ಖರೇನ?" ಎಂದು ಬಹಳ ಮಂದಿ ನನ್ನನ್ನು ಕೇಳಿದ್ದೀರಿ. ಖರೆ. ಒಂದು ಹೆಸರು ರಾಜ, ಇನ್ನೊಂದು ಮೋತಿ. "ನಾಯಿ ಹೆಸರು ಬದಲಿ ಮಾಡಬಾರದು, ಅದಕ್ಕ ತಲಿ ಕೆಡತೈತಿ" ಎಂದು ನಮ್ಮ ತರಗತಿಯ ಕೆಲವರು ವಾದ ಮಾಡಿದರು. "ನಾಯಿಗೆ ಹೆಸರು ಎಲ್ಲಿ ತಿಳಿತೈತಿ, ರೊಟ್ಟಿ ತೋರಿಸಿದ್ರ ಬರತೈತಿ" ಎಂದು ಇನ್ನು ಕೆಲವರು. ಎರಡು ಮಾತೂ ಪೂರ್ತಿ ಸರಿಯಲ್ಲ. ನನಗೂ ಮೊದಲು ಗೊತ್ತಿರಲಿಲ್ಲ. ವಿಜ್ಞಾನದ ಅಕ್ಕೋರನ್ನು ಕೇಳಿ, ಓದಿ, ನಮ್ಮ ಮನೆಯಲ್ಲಿ ಮಾಡಿ ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಗೆಳೆಯ ಕೊಟ್ಟ ನಾಯಿ

ಹೋದ ವರ್ಷ ನಮ್ಮ ತರಗತಿಯಲ್ಲಿ ಓದುತ್ತಿದ್ದ ಗೆಳೆಯ ದೀಪಾವಳಿ ಮುಗಿದ ಮೇಲೆ ಅಪ್ಪ ಅವ್ವನ ಜೊತೆ ಬೆಂಗಳೂರಿಗೆ ಗುಳೆ ಹೋದದ್ದು ನಿಮಗೆಲ್ಲ ಗೊತ್ತು. ಅಲ್ಲಿ ಕಟ್ಟಡದ ಕೆಲಸ, ಇರಲು ತಗಡಿನ ಶೆಡ್ಡು. ನಾಯಿಯನ್ನು ಕರೆದುಕೊಂಡು ಹೋಗುವಂತಿರಲಿಲ್ಲ. ಹೋಗುವ ಹಿಂದಿನ ರಾತ್ರಿ ಅವನು ಹಗ್ಗ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಎರಡು ವರ್ಷದ ಕೆಂಚು ಬಣ್ಣದ ಊರನಾಯಿ, ಹಣೆಯ ಮೇಲೆ ಒಂದು ಬಿಳಿ ಚುಕ್ಕೆ. "ಇದರ ಹೆಸರು ರಾಜ. ಹೆಸರು ಮಾತ್ರ ಬದಲಿ ಮಾಡಬ್ಯಾಡಲೇ" ಎಂದು ಹೇಳಿ ಹಗ್ಗ ನನ್ನ ಕೈಗೆ ಕೊಟ್ಟ. ನಾನು ಹೂಂ ಅಂದೆ.

ಅವನು ನಾಯಿಯನ್ನು ಬೀದಿಗೆ ಬಿಟ್ಟು ಹೋಗಲಿಲ್ಲ ಎಂಬುದನ್ನು ಗಮನಿಸಿರಿ. ಸಾಕಿದ ಪ್ರಾಣಿಯನ್ನು ಸರಿಯಾದ ಕಾರಣವಿಲ್ಲದೆ ಹಸಿವು ನೀರಡಿಕೆಯಿಂದ ನರಳುವಂತೆ ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಊರು ಬಿಡುವ ಎಲ್ಲರೂ ನಮ್ಮ ಗೆಳೆಯನ ಹಾಗೆ ಮಾಡಿದರೆ ಎಷ್ಟೋ ನಾಯಿಗಳು ಬದುಕುತ್ತವೆ.

ಮರುದಿನವೇ ತೊಡಕು ಶುರುವಾಯಿತು. ನಾವು ಶಾಲೆಗೆ, ಅಪ್ಪ ಅವ್ವ ಹೊಲಕ್ಕೆ ಹೋದ ಮೇಲೆ ಹಗಲೆಲ್ಲ ನಾಯಿಯ ಜೊತೆ ಇರುವವಳು ಅಜ್ಜಿ. ರೊಟ್ಟಿ ಹಾಕುವವಳೂ ಅವಳೇ. ಆದರೆ ನಮ್ಮ ಅಜ್ಜನ ಹೆಸರೂ 'ರಾಜ' ಎಂದೇ ಶುರುವಾಗುತ್ತದೆ! ಮದುವೆಯಾಗಿ ಬಂದಾಗಿನಿಂದ ಅಜ್ಜಿ ಅಜ್ಜನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಮದುವೆ, ಕುಬುಸ ಇದ್ದಾಗ ಹೆಣ್ಣುಮಕ್ಕಳು ಒತ್ತಾಯ ಮಾಡಿದರೆ ಒಡಪಿನಲ್ಲಿ ಸೇರಿಸಿ ಒಮ್ಮೆ ಹೇಳುತ್ತಾಳೆ, ಅಷ್ಟೇ. "ಯಜಮಾನ್ರ ಹೆಸರು ಹಿಡಿದು ನಾಯಿ ಕರೀಲೇನು? ನನ್ನ ಕೈಲೆ ಆಗಂಗಿಲ್ಲಪಾ" ಎಂದುಬಿಟ್ಟಳು. ಅಜ್ಜ ನಕ್ಕ. ಅಜ್ಜಿ ನಗಲಿಲ್ಲ.

ಅಜ್ಜಿ "ಏ, ಏ" ಎಂದು ಕರೆಯುತ್ತಿದ್ದಳು. ನಾಯಿಗೆ ಅದು ತನ್ನನ್ನೇ ಕರೆಯುವುದು ಎಂದು ತಿಳಿಯುತ್ತಿರಲಿಲ್ಲ. ಸಂಜೆಯಾದರೆ ಅದು ತನ್ನ ಹಳೇ ಮನೆಗೆ ಹೋಗಿ ಬೀಗ ಹಾಕಿದ ಬಾಗಿಲ ಮುಂದೆ ಮಲಗುತ್ತಿತ್ತು. ಒಂದು ದಿನ ಹಾಗೆ ರಸ್ತೆ ದಾಟುವಾಗ ಕಬ್ಬಿನ ಟ್ರ್ಯಾಕ್ಟರ್ ಬಂತು. ಅಜ್ಜಿ ಕಟ್ಟೆಯ ಮೇಲಿಂದ "ಏ, ಏ" ಎಂದು ಕೂಗಿದಳು. ನಾಯಿ ತಿರುಗಿ ನೋಡಲಿಲ್ಲ. ಡ್ರೈವರ್ ಅಣ್ಣ ಬ್ರೇಕ್ ಹಾಕಿದ್ದರಿಂದ ಉಳಿಯಿತು. ಆ ರಾತ್ರಿ ಅಜ್ಜಿ ಊಟ ಮಾಡಲಿಲ್ಲ. ಹೆಸರು ಬರೀ ಚೆಂದಕ್ಕಲ್ಲ, ಜೀವ ಉಳಿಸುವುದಕ್ಕೂ ಬೇಕು ಎಂದು ನಮಗೆ ಅಂದು ಗೊತ್ತಾಯಿತು.

ಗೆಳೆಯನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು "ನಿಮ್ಮ ಮನಿ ನಾಯಿ, ನೋಡ್ರಿ" ಅಂದ. ಅವನಿಗೆ ಬೇಜಾರಾಗಿದೆ ಎಂದು ತಿಳಿಯಿತು. ಮಾತು ಕೊಟ್ಟಿದ್ದೆ, ಈಗ ಮುರಿಯಬೇಕೆ? ಮರುದಿನ ಅಕ್ಕೋರನ್ನು ಕೇಳಿದೆ.

ನಾಯಿಗೆ ಹೆಸರು ಅಂದರೆ ಏನು?

ನಮಗೆ ಹೆಸರೆಂದರೆ ನಾವೇ. ಹಾಜರಿ ಪುಸ್ತಕದಲ್ಲಿ, ಪಡಿತರ ಚೀಟಿಯಲ್ಲಿ ನಮ್ಮ ಹೆಸರಿದೆ. ನಮ್ಮ ಹಿರಿಯರು "ಮನೆತನದ ಹೆಸರು ಉಳಿಸು" ಎನ್ನುತ್ತಾರೆ. ನಾಯಿಗೆ ಹಾಗಲ್ಲ. ಹೆಸರಿನ ಅರ್ಥ ಅದಕ್ಕೆ ಬೇಕಿಲ್ಲ. ರಾಜ ಅಂದರೆ ಅರಸ, ಮೋತಿ ಅಂದರೆ ಮುತ್ತು ಎಂಬುದು ಅದಕ್ಕೆ ತಿಳಿಯದು. ಹೆಸರು ಅದಕ್ಕೆ ಒಂದು ಸದ್ದು. 'ಈ ಸದ್ದು ಬಂದರೆ ನನ್ನ ಕಡೆ ಮಾತು, ಇದರ ಹಿಂದೆ ಏನೋ ಬರುತ್ತದೆ' ಎಂದಷ್ಟೇ ಅದು ಕಲಿತಿರುತ್ತದೆ.

ನಮ್ಮ ಶಾಲೆಯಲ್ಲೇ ನೋಡಿರಿ. ಬೆಳಗಿನ ಪ್ರಾರ್ಥನೆ ಗಂಟೆಗೆ ಒಂದು ನಾಯಿಯೂ ಬರುವುದಿಲ್ಲ. ಬಿಸಿಯೂಟದ ಗಂಟೆ ಬಾರಿಸಿದರೆ ಗೇಟಿನ ಹತ್ತಿರ ಮೂರು ನಾಯಿ ನಿಂತಿರುತ್ತವೆ. ಆ ಗಂಟೆಯ ಹಿಂದೆ ಅನ್ನ ಬರುತ್ತದೆ ಎಂದು ಅವು ಕಲಿತಿವೆ.

ಇದನ್ನು ಸರಿಯಾಗಿ ಪರೀಕ್ಷೆ ಮಾಡಿದವರು ರಷ್ಯಾ ದೇಶದ ವಿಜ್ಞಾನಿ ಇವಾನ್ ಪಾವ್‌ಲೋವ್. ಇವರಿಗೆ ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಬಹುಮಾನ ಬಂತು. ನಾಯಿಗೆ ಆಹಾರ ಕೊಡುವ ಮೊದಲು ಪ್ರತಿ ಸಲ ಒಂದು ಸದ್ದು ಕೇಳಿಸುತ್ತಿದ್ದರು. ಟಿಕ್ ಟಿಕ್ ಎನ್ನುವ ಮೆಟ್ರೊನೋಮ್ ಯಂತ್ರವನ್ನೂ ಬಳಸಿದ್ದರು. ಕೆಲವು ದಿನ ಕಳೆದ ಮೇಲೆ ಆಹಾರ ಇಲ್ಲದಿದ್ದರೂ ಬರೀ ಸದ್ದಿಗೇ ನಾಯಿಯ ಬಾಯಲ್ಲಿ ಜೊಲ್ಲು ಬಂತು. ಹೆಸರು ಕಲಿಯುವುದೂ ಬಹುಮಟ್ಟಿಗೆ ಇದೇ ರೀತಿ.

ಹಾಗಾದರೆ ಎರಡನೆಯ ಹೆಸರು ಕಲಿಯುವುದು ನಾಯಿಗೆ ಕಷ್ಟವೆ? ಅಲ್ಲ. ಅಮೆರಿಕದಲ್ಲಿ ಚೇಸರ್ ಎಂಬ ಕುರಿಕಾಯುವ ಜಾತಿಯ ನಾಯಿಗೆ ಜಾನ್ ಪಿಲ್ಲಿ ಎಂಬ ನಿವೃತ್ತ ಪ್ರಾಧ್ಯಾಪಕರು ಮೂರು ವರ್ಷ ಪಾಠ ಮಾಡಿ 1022 ಆಟಿಕೆಗಳ ಹೆಸರು ಕಲಿಸಿದರು. 2011ರಲ್ಲಿ ಇದು ಪ್ರಕಟವಾಯಿತು. ಎಲ್ಲ ನಾಯಿಗಳೂ ಚೇಸರ್ ಅಲ್ಲ. ಆದರೂ ಸಾವಿರ ಹೆಸರು ಕಲಿಯುವ ಶಕ್ತಿ ಇರುವ ಕುಲಕ್ಕೆ ಇನ್ನೊಂದು ಹೆಸರು ಭಾರವಾಗುವುದಿಲ್ಲ.

ಇನ್ನೂ ಒಂದು ಸಂಗತಿ. ಹಂಗೇರಿ ದೇಶದ ಬುಡಾಪೆಸ್ಟ್‌ನಲ್ಲಿ 13 ನಾಯಿಗಳನ್ನು ಮಿದುಳಿನ ಚಿತ್ರ ತೆಗೆಯುವ ಯಂತ್ರದೊಳಗೆ ಅಲುಗಾಡದೆ ಮಲಗಲು ಕಲಿಸಿ, ಮಾತು ಕೇಳಿಸಿ ನೋಡಿದರು. 2016ರಲ್ಲಿ ಅದರ ಫಲಿತಾಂಶ ಬಂತು. ಹೊಗಳುವ ಶಬ್ದವನ್ನು ಹೊಗಳುವ ದನಿಯಲ್ಲೇ ಹೇಳಿದಾಗ ಮಾತ್ರ ನಾಯಿಯ ಮಿದುಳಿನ ಸಂತೋಷದ ಭಾಗ ಚೆನ್ನಾಗಿ ಕೆಲಸ ಮಾಡಿತು. ಅಂದರೆ ನಾಯಿ ಶಬ್ದವನ್ನೂ ಕೇಳುತ್ತದೆ, ದನಿಯನ್ನೂ ಕೇಳುತ್ತದೆ. ಮುಖ ಗಂಟು ಹಾಕಿಕೊಂಡು ಎಷ್ಟು ಚೆಂದದ ಹೆಸರು ಕರೆದರೂ ಪ್ರಯೋಜನ ಇಲ್ಲ.

ಹೆಸರು ಬದಲಾದ ಪ್ರಸಿದ್ಧ ನಾಯಿ

ಭೂಮಿಯನ್ನು ಸುತ್ತಿದ ಮೊದಲ ಪ್ರಾಣಿ ಲೈಕಾ ಎಂದು ನಾವು ಸಾಮಾನ್ಯ ಜ್ಞಾನದಲ್ಲಿ ಬಾಯಿಪಾಠ ಮಾಡುತ್ತೇವೆ. ಅದು ಮಾಸ್ಕೋ ನಗರದ ಬೀದಿನಾಯಿ. ಹಿಡಿದು ತಂದವರು ಅದಕ್ಕೆ ಮೊದಲು ಇಟ್ಟ ಹೆಸರು ಕುದ್ರ್ಯಾವ್ಕಾ, ಅಂದರೆ ಗುಂಗುರು ಕೂದಲಿನದು. ಆಮೇಲೆ ಲೈಕಾ ಎಂಬ ಹೆಸರು ನಿಂತಿತು, ಅಂದರೆ ಬೊಗಳುವುದು. 1957ರ ನವೆಂಬರ್ 3ರಂದು ಅದನ್ನು ಸ್ಪುಟ್ನಿಕ್ 2ರಲ್ಲಿ ಕೂಡಿಸಿ ಕಳಿಸಿದರು. ತಿರುಗಿ ಕರೆತರುವ ಏರ್ಪಾಡೇ ಇರಲಿಲ್ಲ. ಕೆಲವು ದಿನ ಬದುಕಿತ್ತು ಎಂದು ಬಹಳ ವರ್ಷ ಹೇಳುತ್ತಿದ್ದರು. ಆದರೆ ಹಾರಿದ ಕೆಲವೇ ತಾಸಿನಲ್ಲಿ ಶಾಖ ತಾಳದೆ ಸತ್ತಿತ್ತು ಎಂದು 2002ರಲ್ಲಿ ಹೊರಬಂತು.

ಲೈಕಾ ಎಂಬ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು. ನಾಯಿಗೆ ಸಿಕ್ಕಿದ್ದೇನು? ಹೆಸರು ಕರೆದಾಗ ಅದು ನಂಬಿ ಬಂದಿತ್ತು. ಆದ್ದರಿಂದ ಹೆಸರು ಯಾವುದು ಎಂಬುದಕ್ಕಿಂತ ಹೆಸರಿನ ಹಿಂದೆ ನಾವು ಏನು ಕೊಡುತ್ತೇವೆ ಎಂಬುದೇ ದೊಡ್ಡದು. ಈ ಲೇಖನದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಯಾವಾಗ ಬದಲಾಯಿಸಬೇಕು, ಯಾವಾಗ ಬೇಡ?

ಬದಲಾಯಿಸಬೇಕಾದ ಸಂದರ್ಭಗಳು:

1. ಮನೆಯಲ್ಲಿ ಯಾರಾದರೂ ಆ ಹೆಸರನ್ನು ಕರೆಯಲಾರದೆ ಇದ್ದಾಗ. ನಮ್ಮ ಅಜ್ಜಿಯ ಹಾಗೆ.

2. ಹಳೇ ಮನೆಯಲ್ಲಿ ಹೆಸರು ಹಿಡಿದು ಬೈದು ಹೊಡೆದಿದ್ದರೆ. ಹೆಸರು ಕೇಳಿದ ಕೂಡಲೇ ಬಾಲ ಮುದುರಿ ಮೂಲೆಗೆ ಸೇರುವ ನಾಯಿಗೆ ಆ ಸದ್ದಿನ ಹಿಂದೆ ಬಡಿಗೆ ಬರುತ್ತದೆ ಎಂದೇ ಗೊತ್ತು. ಅಂಥದಕ್ಕೆ ಹೊಸ ಹೆಸರು ಇಡುವುದು ಪುಣ್ಯದ ಕೆಲಸ.

3. ಹಳೇ ಹೆಸರು ಬೈಗುಳದಂತೆ ಇದ್ದಾಗ, ಅಥವಾ ಯಾರನ್ನೋ ಹೀಯಾಳಿಸಲು ಇಟ್ಟದ್ದಾದಾಗ. ಜಗಳವಾದವರ ಹೆಸರನ್ನು ನಾಯಿಗೆ ಇಟ್ಟು ಓಣಿಯಲ್ಲಿ ಕೂಗುವವರು ಇದ್ದಾರೆ. ಇದರಿಂದ ಜಗಳ ಹೆಚ್ಚುತ್ತದೆ, ನಾಯಿಗೆ ಸುಮ್ಮನೆ ಕಲ್ಲೇಟು ಬೀಳುತ್ತದೆ.

4. ಬೀದಿಯಿಂದ ತಂದ ನಾಯಿಯ ಹೆಸರೇ ಗೊತ್ತಿಲ್ಲದಿದ್ದಾಗ.

ಬದಲಾಯಿಸಬೇಕಿಲ್ಲದ ಸಂದರ್ಭಗಳು: ಹೆಸರು ಕೇಳಿ ಬಾಲ ಅಲ್ಲಾಡಿಸುತ್ತ ಬರುತ್ತಿದ್ದರೆ, ಮನೆಯವರಿಗೆಲ್ಲ ಕರೆಯಲು ಬರುತ್ತಿದ್ದರೆ ಬದಲಾಯಿಸಬೇಡಿರಿ. ಸಿನಿಮಾದಲ್ಲಿ ನೋಡಿದ ಹೆಸರು ಚೆಂದ ಇದೆ ಎಂದು ತಿಂಗಳಿಗೊಂದು ಹೆಸರು ಇಡಬಾರದು. ವಯಸ್ಸಾಗಿ ಕಿವಿ ಮಂದವಾದ ನಾಯಿಗೂ ಹಳೇ ಹೆಸರೇ ಇರಲಿ.

ಹೊಸ ಹೆಸರು ಆರಿಸುವುದು

ಹೆಸರು ಎರಡಕ್ಷರದ್ದಾದರೆ ಒಳ್ಳೆಯದು. ಕೂಗಲು ಸುಲಭ, ಎಲ್ಲರ ಬಾಯಲ್ಲೂ ಒಂದೇ ರೀತಿ ಬರುತ್ತದೆ. ನಮ್ಮೂರ ಕರಿಯ, ಟಾಮಿ, ಟೈಗರ್ ಎಲ್ಲವೂ ಚಿಕ್ಕ ಹೆಸರೇ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕಾದಂಬರಿಯ ನಾಯಿಯ ಹೆಸರು 'ಕಿವಿ'. ಅದೂ ಎರಡೇ ಅಕ್ಷರ.

ನಾವು ನಾಯಿಗೆ ದಿನಾಲೂ ಹೇಳುವ ಮಾತಿನ ಸದ್ದು ಹೆಸರಿನಲ್ಲಿ ಇರಬಾರದು. "ಹಚಾ" ಎಂದರೆ ಹೋಗು, "ಛೂ" ಎಂದರೆ ಹಿಡಿ. ಹೆಸರು ಇವುಗಳ ಹಾಗೆ ಕೇಳಿಸಿದರೆ ನಾಯಿ ಗೊಂದಲಕ್ಕೆ ಬೀಳುತ್ತದೆ. ಮನೆಯ ಮಕ್ಕಳನ್ನು ಕರೆಯುವ ಹೆಸರೂ ಬೇಡ. ನಾವು ಈ ತಪ್ಪು ಮಾಡಿದೆವು. ಅಜ್ಜಿ ಮೊದಲು ಅದನ್ನು ಪ್ರೀತಿಯಿಂದ "ತಮ್ಮಾ" ಎಂದು ಕರೆಯತೊಡಗಿದಳು. ನಮ್ಮ ಮನೆಯಲ್ಲಿ ನನ್ನ ತಮ್ಮನನ್ನೂ ಎಲ್ಲರೂ "ತಮ್ಮಾ" ಅನ್ನುವುದು. ಅವ್ವ "ತಮ್ಮಾ, ಜಳಕಕ್ಕ ಬಾ" ಅಂದರೆ ನಾಯಿ ಬಚ್ಚಲಿಗೆ ಹೋಗಿ ನಿಲ್ಲುತ್ತಿತ್ತು, ತಮ್ಮ ತಪ್ಪಿಸಿಕೊಂಡು ಓಡುತ್ತಿದ್ದ! ನಾಲ್ಕು ದಿನಕ್ಕೆ ಆ ಹೆಸರು ಬಿಟ್ಟೆವು.

ಹಣೆಯ ಬಿಳಿ ಚುಕ್ಕೆ ಮುತ್ತಿನ ಹಾಗಿದೆ ಎಂದು ಅಜ್ಜಿಯೇ ಮೋತಿ ಎಂಬ ಹೆಸರು ಆರಿಸಿದಳು.

ಕಲಿಸುವ ಬಗೆ

ನಾಯಿ ಹೊಸ ಮನೆಗೆ ಬಂದ ಮೊದಲ ದಿನವೇ ಕಲಿಸಲು ಹೋಗಬೇಡಿರಿ. ಅದು ನೆಲದ ವಾಸನೆ ನೋಡಿ, ಉಂಡು, ಮಲಗಿ, ಸ್ವಲ್ಪ ಧೈರ್ಯ ಮಾಡಿಕೊಳ್ಳಲಿ. ಆಮೇಲೆ ಹೀಗೆ ಮಾಡಿರಿ:

1. ರೊಟ್ಟಿಯನ್ನು ಕಡಲೆಕಾಳಿನಷ್ಟು ಚಿಕ್ಕ ಚೂರು ಮಾಡಿಟ್ಟುಕೊಳ್ಳಿರಿ. ನಾಯಿ ಹತ್ತಿರವೇ ಇರಲಿ.

2. ಮೊದಲು ಹೊಸ ಹೆಸರು, ಕೂಡಲೇ ಹಳೇ ಹೆಸರು ಹೇಳಿರಿ: "ಮೋತಿ, ರಾಜ." ತಿರುಗಿ ನೋಡಿದ ಕ್ಷಣವೇ ಒಂದು ಚೂರು ಕೊಡಿರಿ. ಹೊಸದು ಮುಂದೆ, ಹಳೆಯದು ಹಿಂದೆ ಇರಬೇಕು. ಆಗ ಮೋತಿ ಎಂದ ಮೇಲೆ ರಾಜ ಬರುತ್ತದೆ, ರಾಜ ಎಂದ ಮೇಲೆ ರೊಟ್ಟಿ ಬರುತ್ತದೆ ಎಂದು ನಾಯಿ ಕಲಿಯುತ್ತದೆ. ತಿರುವುಮುರುವು ಮಾಡಿದರೆ ರಾಜ ಎಂದಾಗಲೇ ನೋಡಿಬಿಡುತ್ತದೆ, ಮೋತಿ ಕಿವಿಗೆ ಬೀಳುವುದಿಲ್ಲ.

3. ಒಂದು ಹೊತ್ತಿಗೆ ಐದಾರು ಸಲ ಸಾಕು. ದಿನಕ್ಕೆ ಮೂರು ಹೊತ್ತು. ಹೊಟ್ಟೆ ತುಂಬಿದಾಗ ಬೇಡ. (ನಮ್ಮ ಮನೆಯಲ್ಲಿ ರಾಜ ಎಂಬುದನ್ನು ನಾನೇ ಹೇಳಬೇಕಿತ್ತು. ಅಜ್ಜಿ "ಮೋತಿ" ಅನ್ನುವುದು, ನಾನು ಹಿಂದಿನಿಂದ "ರಾಜ" ಅನ್ನುವುದು. ಅಜ್ಜ ಕಟ್ಟೆಯ ಮೇಲೆ ಕುಳಿತು "ಓ" ಅನ್ನುವುದು.)

4. ಮೋತಿ ಎಂದ ಕೂಡಲೇ, ಹಳೇ ಹೆಸರಿಗೆ ಕಾಯದೆ, ಮುಖ ಎತ್ತಿ ನೋಡತೊಡಗಿದರೆ ಹಳೇ ಹೆಸರು ಬಿಡಿರಿ. ನಮ್ಮ ನಾಯಿಗೆ ಇದಕ್ಕೆ ಒಂಬತ್ತು ದಿನ ಹಿಡಿಯಿತು. ಕೆಲವಕ್ಕೆ ಬೇಗ, ಕೆಲವಕ್ಕೆ ತಡ.

5. ಆಮೇಲೆ ದೂರ ಹೆಚ್ಚಿಸಿರಿ. ಮೊದಲು ಪಡಸಾಲೆಯಿಂದ, ಆಮೇಲೆ ಅಂಗಳದಿಂದ, ಕೊನೆಗೆ ಓಣಿಯಲ್ಲಿ ಬೇರೆ ನಾಯಿ, ಕೋಳಿ ಇದ್ದಾಗ.

6. ಹೆಸರು ಎಂದರೆ 'ಇತ್ತ ನೋಡು' ಎಂದಷ್ಟೇ. ಬರಬೇಕಾದರೆ ಹೆಸರಿನ ಜೊತೆ "ಬಾ" ಎಂದು ಬೇರೆ ಹೇಳಿರಿ. ಒಂದೇ ಸಮನೆ ಹತ್ತು ಸಲ ಹೆಸರು ಕೂಗಬೇಡಿರಿ. ಹಾಗೆ ಕೂಗಿದರೆ ಅದು ಗಾಳಿಯ ಸದ್ದಿನ ಹಾಗೆ ಆಗಿಬಿಡುತ್ತದೆ.

7. ಎಲ್ಲಕ್ಕಿಂತ ಮುಖ್ಯ: ಹೆಸರು ಕರೆದು ಹೊಡೆಯಬೇಡಿರಿ, ಹೆಸರು ಕರೆದು ಕಟ್ಟಿಹಾಕಬೇಡಿರಿ. ಕಟ್ಟಬೇಕಾದರೆ ನೀವೇ ಅದರ ಹತ್ತಿರ ಹೋಗಿರಿ. ಒಂದು ಸಲ ಮೋಸವಾದರೆ ಹತ್ತು ಸಲ ರೊಟ್ಟಿ ಹಾಕಿ ನಂಬಿಸಬೇಕಾಗುತ್ತದೆ.

ಪಶು ಆಸ್ಪತ್ರೆಯ ಕಾರ್ಡಿನಲ್ಲೂ ಹೊಸ ಹೆಸರು ಬರೆಸಿರಿ. ಹೊಸದಾಗಿ ತಂದ ನಾಯಿಗೆ ಹುಚ್ಚುನಾಯಿ ರೋಗದ ಲಸಿಕೆ ಆಗಿದೆಯೋ ಇಲ್ಲವೋ ವಿಚಾರಿಸಿ ಹಾಕಿಸಲೇಬೇಕು. ನಮ್ಮ ಕಾರ್ಡಿನಲ್ಲಿ ಡಾಕ್ಟರರು "ಮೋತಿ (ರಾಜ)" ಎಂದು ಬರೆದುಕೊಟ್ಟಿದ್ದಾರೆ. ಯಾವುದೇ ನಾಯಿ ಕಚ್ಚಿದರೂ, ಸಾಕಿದ್ದಾದರೂ, ಗಾಯವನ್ನು ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹಳೇ ಹೆಸರು ಎಲ್ಲಿ ಹೋಗುತ್ತದೆ?

ನನಗೆ ಕಾಡುತ್ತಿದ್ದುದು ಇದೇ ಪ್ರಶ್ನೆ. ಹೊಸದು ಕಲಿತರೆ ಹಳೆಯದು ಅಳಿಸಿಹೋಗುತ್ತದೆಯೆ? ಕರಿಹಲಗೆಯ ಮೇಲೆ ಒರೆಸಿ ಬರೆದ ಹಾಗೆ?

ಅಕ್ಕೋರು ಮತ್ತೆ ಪಾವ್‌ಲೋವ್ ಅವರ ಪ್ರಯೋಗವನ್ನೇ ಹೇಳಿದರು. ಸದ್ದು ಕಲಿತ ನಾಯಿಗೆ ಆಹಾರ ಕೊಡದೆ ಬರೀ ಸದ್ದನ್ನು ಮತ್ತೆ ಮತ್ತೆ ಕೇಳಿಸಿದರೆ ಜೊಲ್ಲು ಬರುವುದು ನಿಲ್ಲುತ್ತದೆ. ಮರೆತಿತು ಅಂದುಕೊಳ್ಳುತ್ತೇವೆ. ಆದರೆ ಸ್ವಲ್ಪ ಕಾಲ ಬಿಟ್ಟು ಅದೇ ಸದ್ದು ಕೇಳಿಸಿದರೆ ಜೊಲ್ಲು ಮತ್ತೆ ಬರುತ್ತದೆ! ಅಂದರೆ ಕಲಿತದ್ದು ಅಳಿಸಿಹೋಗಿರಲಿಲ್ಲ, ಒಳಗೆ ಇತ್ತು. ಹೊಸ ಹೆಸರು ಹಳೆಯದರ ಪಕ್ಕದಲ್ಲಿ ಬಂದು ಕೂಡುತ್ತದೆ, ಹಳೆಯದನ್ನು ಎಬ್ಬಿಸಿ ಓಡಿಸುವುದಿಲ್ಲ.

ಇದನ್ನು ನಾನು ಕಣ್ಣಾರೆ ಕಂಡೆ. ಈ ಸಲ ಕಾರಹುಣ್ಣಿಮೆಗೆ ಎರಡು ದಿನ ಮೊದಲು ಗೆಳೆಯನ ಮನೆಯವರು ಬಿತ್ತನೆಗೆ ಊರಿಗೆ ಬಂದರು. ನಡುವೆ ಏಳು ತಿಂಗಳು ಕಳೆದಿದ್ದವು. ಅಷ್ಟು ದಿನ ನಮ್ಮ ಮನೆಯಲ್ಲಿ ಯಾರೂ ನಾಯಿಯನ್ನು ರಾಜ ಎಂದು ಕರೆದಿರಲಿಲ್ಲ. ಅವನು ನಮ್ಮ ಅಂಗಳದ ಹೊರಗೆ ನಿಂತು, ಕರೆಯಲೋ ಬೇಡವೋ ಎಂದು ನನ್ನ ಮುಖ ನೋಡಿದ. "ಕರಿ" ಅಂದೆ. ಮೆಲ್ಲಗೆ "ರಾಜಾ" ಅಂದ.

ನಾಯಿ ಎದ್ದು ಓಡಿದ್ದು ನೋಡಬೇಕಿತ್ತು. ಅವನ ಮೈಮೇಲೆ ಹಾರಿ, ಸುತ್ತು ಹಾಕಿ, ಮುಖ ನೆಕ್ಕಿ, ಅವನನ್ನು ಕೆಳಗೆ ಕೆಡವಿತು. ಅವನು ಅಳುತ್ತಿದ್ದ. ವಾಸನೆಯಿಂದ ಗುರುತು ಹಿಡಿಯಿತೋ, ದನಿಯಿಂದಲೋ, ಹೆಸರಿನಿಂದಲೋ, ಮೂರೂ ಸೇರಿರಬಹುದು. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ ಒಳಗಿನಿಂದ "ಮೋತೀ" ಎಂದಳು. ನಾಯಿ ಅಜ್ಜಿಯ ಹತ್ತಿರ ಬಂತು, ರೊಟ್ಟಿ ತಿಂತು, ಮತ್ತೆ ಅವನ ಹತ್ತಿರ ಹೋಗಿ ಕುಳಿತಿತು. ಅದರ ತಲೆಯೇನೂ ಕೆಡಲಿಲ್ಲ.

ಅವನಿಗೆ ಸಿಟ್ಟು ಬಂದಿದೆಯೇನೋ ಎಂದು ನಾನು ಕೇಳಿದೆ. ಅವನು ಹೀಗಂದ: "ಇಲ್ಲಲೇ. ಅಲ್ಲಿ ಶಾಲ್ಯಾಗ ನನ್ನ ಹೆಸರು ಯಾರೂ ಕರೆಯಂಗಿಲ್ಲ. 'ಏ ಕೊಪ್ಪಳ' ಅಂತಾರ. ನಿಮ್ಮ ಅಜ್ಜಿ ಅದಕ್ಕ ಹೆಸರಾದ್ರೂ ಇಟ್ಟಾಳ, ಕರದು ರೊಟ್ಟಿ ಹಾಕ್ಯಾಳ."

ಗೆಳೆಯರೆ, ಅವನು ಮತ್ತೆ ನಮ್ಮ ಶಾಲೆಗೆ ಬರುತ್ತಾನೋ, ಸುಗ್ಗಿ ಮುಗಿದ ಮೇಲೆ ಮತ್ತೆ ಬೆಂಗಳೂರಿಗೆ ಹೋಗುತ್ತಾನೋ ಇನ್ನೂ ತೀರ್ಮಾನವಾಗಿಲ್ಲ. ಮುಖ್ಯ ಗುರುಗಳು ಅವರ ಅಪ್ಪನ ಜೊತೆ ಮಾತಾಡಿದ್ದಾರೆ. ಅವನು ಶಾಲೆಗೆ ಬಂದ ದಿನ 'ಗುಳೆ ಹೋದವ', 'ಬೆಂಗಳೂರು' ಎಂದು ಯಾರೂ ಕರೆಯಬೇಡಿರಿ. ಅವನ ಹೆಸರು ನಿಮಗೆಲ್ಲ ಗೊತ್ತು, ಅದನ್ನೇ ಕರೆಯಿರಿ.

ನಿಮ್ಮ ಮನೆಯ ನಾಯಿಯ ಹೆಸರು, ಅದನ್ನು ಯಾರು ಇಟ್ಟರು, ಯಾಕೆ ಇಟ್ಟರು, ಲಸಿಕೆ ಹಾಕಿಸಿದ್ದೀರೋ ಇಲ್ಲವೋ ಎಂಬುದನ್ನು ಚೀಟಿಯಲ್ಲಿ ಬರೆದು ಪತ್ರಿಕೆಯ ಡಬ್ಬಿಗೆ ಹಾಕಿರಿ. ಮುಂದಿನ ಸಂಚಿಕೆಯಲ್ಲಿ ನಮ್ಮೂರ ನಾಯಿಗಳ ಹೆಸರಿನ ಪಟ್ಟಿಯನ್ನು ಬರೆಯೋಣ. ತಪ್ಪಿದ್ದರೆ ತಿದ್ದಿ ಹೇಳಿರಿ.

ಇತಿ ನಿಮ್ಮ ಗೆಳೆಯ,
9ನೇ ತರಗತಿ